ಏಳನೆಯ ನಿಲ್ದಾಣ

ಈ ವಾರದ ಪತ್ರಗಳಲ್ಲಿ ಒಂದನ್ನು ಓದಿ ಮುಗಿಸುವಷ್ಟರಲ್ಲಿ ಒಲೆಯ ಮೇಲಿಟ್ಟ ಹಾಲು ಉಕ್ಕಿ ಹೋಗಿತ್ತು. ಅದರ ಲೆಕ್ಕ ಜಯನಗರದ ಓದುಗರೊಬ್ಬರ ಖಾತೆಗೆ.

ಅವರಿಗೆ 29 ವರ್ಷ. ಪ್ರೀತಿಸಿದವನು ಸಿಂಗಪುರದಲ್ಲಿ ಕೆಲಸದಲ್ಲಿದ್ದಾನೆ. ಎರಡು ತಿಂಗಳಿಗೊಮ್ಮೆ ಶುಕ್ರವಾರ ಸಂಜೆ ಕಚೇರಿಯಿಂದ ನೇರವಾಗಿ ವಾಯುವಜ್ರ ಬಸ್ ಹತ್ತಿ ದೇವನಹಳ್ಳಿಗೆ, ಅಲ್ಲಿಂದ ಸುಮಾರು ನಾಲ್ಕೂವರೆ ಗಂಟೆಯ ರಾತ್ರಿ ವಿಮಾನ. ಅಲ್ಲಿಯ ಗಡಿಯಾರ ನಮಗಿಂತ ಎರಡೂವರೆ ಗಂಟೆ ಮುಂದೆ, ಹಾಗಾಗಿ ಇಳಿಯುವ ಹೊತ್ತಿಗೇ ನಿದ್ದೆ ಖೋತಾ. ಶನಿವಾರ ಅರ್ಧ ದಿನ ಮಲಗುವುದು, ಭಾನುವಾರ ಮಧ್ಯಾಹ್ನದಿಂದಲೇ ಹೊರಡುವ ಗಡಿಬಿಡಿ, ಸೋಮವಾರ ಮತ್ತೆ ಕಚೇರಿ. ಉಳಿತಾಯವೆಲ್ಲ ಟಿಕೆಟ್ಟಿಗೆ ಕರಗುತ್ತಿದೆ. ‘ಹೋಗುವುದನ್ನು ಕಡಿಮೆ ಮಾಡಿದರೆ ಅವನು ಬೇಸರ ಮಾಡಿಕೊಳ್ಳಬಹುದೇ?’ ಎಂದು ಕೇಳಿದ್ದಾರೆ.

ಅವನ ಬೇಸರದ ಮಾತು ಆಮೇಲೆ. ನೀವು ಪತ್ರದ ಕೊನೆಯಲ್ಲಿ ಒಂದು ಸಾಲು ತುರುಕಿದ್ದೀರಿ: ‘ಫೆಬ್ರವರಿಯಲ್ಲಿ ಚಿಕ್ಕಪ್ಪನ ಮಗಳ ಮದುವೆಗೆಂದು ಮಲ್ಲೇಶ್ವರಕ್ಕೆ ನಾಲ್ಕು ದಿನ ಬಂದಿದ್ದ. ಮನೆ ತುಂಬ ನೆಂಟರಿದ್ದುದರಿಂದ ಭೇಟಿಯಾಗಲಿಲ್ಲ. ಇರಲಿ ಬಿಡಿ.’

ಹೇಗೆ ಬಿಡಲಿ? ಸಂಪಿಗೆ ರಸ್ತೆಯಲ್ಲಿ ಹಸಿರು ಮಾರ್ಗದ ಮೆಟ್ರೊ ಹತ್ತಿದರೆ ಮೆಜೆಸ್ಟಿಕ್, ಚಿಕ್ಕಪೇಟೆ, ಮಾರ್ಕೆಟ್, ನ್ಯಾಷನಲ್ ಕಾಲೇಜು, ಲಾಲ್‌ಬಾಗ್, ಸೌತ್ ಎಂಡ್, ಏಳನೆಯದು ಜಯನಗರ. ನಡುವೆ ರೈಲು ಬದಲಿಸಬೇಕಾಗಿಯೂ ಇಲ್ಲ. ನಾಲ್ಕು ದಿನಗಳಲ್ಲಿ ಒಂದು ಸಂಜೆಯೂ ಬಿಡುವಾಗಲಿಲ್ಲವೇ? ಮದುವೆ ಮನೆಯಲ್ಲಿ ಗಂಡಸರಿಗೆ ಎಷ್ಟು ಕೆಲಸವಿರುತ್ತದೆ ಎಂಬುದನ್ನು ನಾನೂ ಕಂಡಿದ್ದೇನೆ. ಊಟದ ಎಲೆ ತೆಗೆದ ಮೇಲೆ ಇಸ್ಪೀಟು.

ಆದರೂ ನನಗೆ ಅವನಿಗಿಂತ ಹೆಚ್ಚು ಸಿಟ್ಟು ಬಂದದ್ದು ಅವನ ಅಕ್ಕನ ಮೇಲೆ. ಪ್ರತಿ ಸಲ ನೀವು ಹೊರಡುವ ಹಿಂದಿನ ದಿನ ಮೆಟ್ರೊ ನಿಲ್ದಾಣದ ಮೆಟ್ಟಿಲ ಬಳಿ ಆಕೆ ಒಂದು ಗಂಟು ಕೊಡುತ್ತಾರೆ. ಅಮ್ಮ ಮಾಡಿದ ಚಟ್ನಿಪುಡಿ, ಮೆಂತ್ಯದ ಹಿಟ್ಟು, ಹಳೆಯ ಪತ್ರಿಕೆಯಲ್ಲಿ ಸುತ್ತಿ ಎರಡೆರಡು ಕವರಿನೊಳಗೆ ಬಿಗಿದ ಕೋಡುಬಳೆ. 7 ಕಿಲೊ ಕೈಚೀಲದಲ್ಲಿ 4 ಕಿಲೊ ಅವರ ಮನೆಯದೇ. ನಿಮ್ಮ ಬಟ್ಟೆ ಉಳಿದ ಸಂದಿಯಲ್ಲಿ. ಇದನ್ನೆಲ್ಲ ‘ಆಫೀಸಿನ ಯಾರೋ ಹುಡುಗ’ ಒಯ್ಯುತ್ತಾನೆಂದು ಆ ತಾಯಿ ನಂಬಿದ್ದಾರೆ. ಎಲ್ಲ ಬಲ್ಲ ಅಕ್ಕ ತುಟಿ ಬಿಚ್ಚುವುದಿಲ್ಲ, ಗಂಟು ಕಳಿಸುವುದನ್ನು ಮಾತ್ರ ಮರೆಯುವುದಿಲ್ಲ. ತಾಯಿಯನ್ನು ದೂರಲಾರೆ, ಪಾಪ, ಒಲೆಯ ಮುಂದೆ ನಿಂತು ಹುರಿದವರು ಅವರು.

ಸಿಂಗಪುರಕ್ಕೆ ಹೋಗುವ ಮುಂಚಿನ ಮೂರು ದಿನಗಳೊಳಗೆ ಆನ್‌ಲೈನಿನಲ್ಲಿ ತುಂಬುವ ಆಗಮನ ಪತ್ರದಲ್ಲಿ ಎಲ್ಲಿ ತಂಗುತ್ತೀರಿ ಎಂದು ಕೇಳುತ್ತಾರೆ. ನೀವು ಪ್ರತಿ ಸಲ ಅವನ ವಿಳಾಸ ಬರೆಯುತ್ತೀರಿ. ಪರದೇಶದ ವಲಸೆ ಇಲಾಖೆಗೆ ಗೊತ್ತಿರುವ ಸಂಗತಿ ಮಲ್ಲೇಶ್ವರದ ಅಡುಗೆಮನೆಗೆ ಎರಡು ವರ್ಷವಾದರೂ ತಲುಪಿಲ್ಲ. ನಿಮ್ಮ ಅಪ್ಪ ಅಮ್ಮನಿಗೋ, ಮೊದಲ ತಿಂಗಳಿನಿಂದಲೇ ಗೊತ್ತು.

ಈ ಅಂಕಣದ ಹಳೆಯ ಓದುಗರಿಗೆ ನನ್ನ ಹಟ ತಿಳಿದದ್ದೇ. ಪ್ರೀತಿಸಿದವನ ಮನೆಯಲ್ಲಿ ಹಗಲು ಹೊತ್ತು ಕುಳಿತು ಒಂದು ಲೋಟ ಕಾಫಿ ಕುಡಿಯುವ ತನಕ ಯಾವ ಹುಡುಗಿಯೂ ಉಳಿತಾಯದ ಖಾತೆಗೆ ಕೈ ಹಾಕಬಾರದು. ಹಾಗೆಂದು ಅವನು ಕೆಟ್ಟವನೆನ್ನುತ್ತಿಲ್ಲ. ಶನಿವಾರ ನೀವು ಏಳುವಷ್ಟರಲ್ಲಿ ಅನ್ನ, ಸಾರು ಮಾಡಿಟ್ಟಿರುತ್ತಾನೆಂದು ಬರೆದಿದ್ದೀರಿ. ಅದು ಸಣ್ಣದಲ್ಲ. ಅಂಜುಬುರುಕ ಅಷ್ಟೆ, ಅವನ ಅಂಜಿಕೆಯ ಖರ್ಚು ನೀವು ಭರಿಸುತ್ತಿದ್ದೀರಿ.

ಮುಂದಿನ ಟಿಕೆಟ್ ನೀವು ತೆಗೆಯಬೇಡಿ. ಅವನು ತೆಗೆಯಲಿ, ಬೆಂಗಳೂರಿಗೆ. ಶನಿವಾರ ಸಂಜೆ ಅವನು ನಿಮ್ಮ ಮನೆಗೆ, ಭಾನುವಾರ ಬೆಳಿಗ್ಗೆ ಇಬ್ಬರೂ ಅವನ ಮನೆಗೆ. ತಾರೀಖು ಹೇಳುವವರೆಗೆ ದೇವನಹಳ್ಳಿಯ ಬಸ್ಸಿನತ್ತ ತಿರುಗಿಯೂ ನೋಡಬೇಡಿ. ಅಷ್ಟರಲ್ಲಿ ಅಕ್ಕ ಫೋನ್ ಮಾಡಿ ಗಂಟು ಸಿದ್ಧವಿದೆ ಎಂದರೆ, ಈ ಸಲ ನಿಮ್ಮ ತಮ್ಮನೇ ಬಂದು ಒಯ್ಯುತ್ತಾನೆ ಎಂದು ಹೇಳಿ.