ಹುಳಿ ಯಾವಾಗ, ಬೆಲ್ಲ ಯಾವಾಗ?

ಈ ಸಲ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ಒಂದೇ ಧಾಟಿಯವು. ಸಾಮಾನು ಸರಿಯಾಗಿದೆ, ಅಳತೆ ಸರಿಯಾಗಿದೆ, ಆದರೂ ಅಡುಗೆ ಕೈಕೊಟ್ಟಿದೆ. ಏನು ಹಾಕಿದಿರಿ ಎನ್ನುವುದಕ್ಕಿಂತ ಯಾವಾಗ ಹಾಕಿದಿರಿ ಎಂದು ನಾನು ಮೊದಲು ಕೇಳುವುದು ಅದಕ್ಕೇ.

ಪ್ರಶ್ನೆ: ಪಿಜಿ ಬಿಟ್ಟು ರೂಮ್ ಮಾಡಿದ್ದೇನೆ. ಹುಳಿ ಮಾಡುವಾಗ ತರಕಾರಿಯನ್ನು ಹುಣಸೆ ರಸದಲ್ಲೇ ಬೇಯಲು ಇಡುತ್ತೇನೆ. ಎಷ್ಟು ಹೊತ್ತಾದರೂ ಕ್ಯಾರೆಟ್, ಆಲೂಗಡ್ಡೆ ಗಟ್ಟಿಯಾಗೇ ಇರುತ್ತವೆ. ಬೇಳೆಯೂ ಒಮ್ಮೊಮ್ಮೆ ಕಾಳುಕಾಳು. ಗ್ಯಾಸ್ ಸುಮ್ನೆ ಖರ್ಚಾಗುತ್ತಿದೆ. (ಬೆಂಗಳೂರು)

ಕಿತಾಪತಿ ಹುಣಸೆಯದ್ದು. ತರಕಾರಿಯ ಒಳಗೆಲ್ಲ ಪೆಕ್ಟಿನ್ ಎಂಬ ಅಂಟು ಇರುತ್ತದೆ. ಅದು ಕರಗಿದರೆ ತರಕಾರಿ ಮೆತ್ತಗಾಗುತ್ತದೆ, ಅದನ್ನೇ ನಾವು ಬೆಂದಿದೆ ಅನ್ನುವುದು. ಹುಳಿ ನೀರಿನಲ್ಲಿ ಈ ಅಂಟು ಬೇಗ ಕರಗುವುದಿಲ್ಲ. ಆದ್ದರಿಂದ ಮೊದಲು ಬರೀ ನೀರು, ಚಿಟಿಕೆ ಅರಿಶಿನ, ಸ್ವಲ್ಪ ಉಪ್ಪು ಹಾಕಿ ಬೇಯಿಸಿ. ಹೋಳು ಬೆರಳಲ್ಲಿ ಒತ್ತಿದರೆ ಸೀಳುವಂತಾದ ಮೇಲೆ ಹುಣಸೆ ರಸ ಸೇರಿಸಿ. ಅದರ ಹಸಿ ವಾಸನೆ ಹೋಗಲು ಐದು ನಿಮಿಷ ಕುದಿದರೆ ಸಾಕು. ಆಮೇಲೆ ಬೆಂದ ಬೇಳೆ, ರುಬ್ಬಿದ ಮಸಾಲೆ, ಕೊನೆಗೆ ಒಗ್ಗರಣೆ.

ಬೇಳೆಯ ಕತೆಯೂ ಇದೇ. ಕುಕ್ಕರಿನಲ್ಲಿ ತೊಗರಿಬೇಳೆಯ ಜೊತೆ ಹುಳಿ ಟೊಮೆಟೊ ಹಾಕುವ ಅಭ್ಯಾಸ ಇದ್ದರೆ ಬಿಡಿ, ಟೊಮೆಟೊ ಆಮೇಲೆ ಹಾಕಿ. ಇನ್ನೊಂದು ಕಾರಣ ನೀರು. ಬೋರ್‌ವೆಲ್ಲಿನ ಗಡಸು ನೀರಿನಲ್ಲಿ ಕ್ಯಾಲ್ಸಿಯಂ ಜಾಸ್ತಿ ಇರುತ್ತದೆ, ಅದೂ ಪೆಕ್ಟಿನನ್ನು ಬಿಗಿ ಮಾಡುತ್ತದೆ. ಪಾತ್ರೆಯ ತಳದಲ್ಲಿ ಬಿಳಿ ಪದರ ಕಟ್ಟುತ್ತಿದ್ದರೆ ನಿಮ್ಮದೂ ಅಂಥದೇ ನೀರು. ಬೇಳೆಗೆ ಮಾತ್ರ ಕುಡಿಯುವ ನೀರು ಬಳಸಿ ನೋಡಿ. ಅರ್ಧ ಗಂಟೆ ನೆನೆಸಿದರೆ ಇನ್ನೂ ಒಳ್ಳೆಯದು. ಚಿಟಿಕೆ ಸೋಡಾ ಹಾಕಿದರೆ ಬೇಗ ಬೇಯುತ್ತದೆ, ನಿಜ. ಆದರೆ ಬಿ1 ವಿಟಮಿನ್ ಹಾಳಾಗುತ್ತದೆ, ರುಚಿಯೂ ಸೋಪಿನ ಕಡೆಗೆ ತಿರುಗುತ್ತದೆ. ನಾನಂತೂ ಹಾಕುವುದಿಲ್ಲ.

ಇದೇ ಗುಣವನ್ನು ಬೇಕಂತಲೇ ಬಳಸುವುದೂ ಉಂಟು. ಹಾಗಲಕಾಯಿ ಗೊಜ್ಜಿನಲ್ಲಿ ಹೋಳು ಕರಗಿ ಮುದ್ದೆಯಾಗಬಾರದು, ಅಲ್ವಾ? ಅಲ್ಲಿ ಹೋಳುಗಳನ್ನು ಎಣ್ಣೆಯಲ್ಲಿ ಬಾಡಿಸಿ, ಅರೆ ಬೆಂದಾಗಲೇ ಹುಣಸೆ ರಸ ಹಾಕುತ್ತೇವೆ. ಬೆಲ್ಲ ಹಾಕಿ ಎಷ್ಟು ಕುದಿಸಿದರೂ ಹೋಳು ಹೋಳಾಗೇ ಉಳಿಯುತ್ತದೆ.

ಪ್ರಶ್ನೆ: ಹುರುಳಿಕಾಯಿ ಪಲ್ಯ ಮದುವೆ ಮನೆಯಲ್ಲಿ ಹಸಿರಾಗಿರುತ್ತದೆ, ನಮ್ಮ ಮನೆಯಲ್ಲಿ ಮಿಲಿಟರಿ ಬಣ್ಣ. ಬಣ್ಣ ಏನಾದರೂ ಹಾಕುತ್ತಾರಾ? (ಹಾಸನ)

ಬೇಕಿಲ್ಲ. ಮುಚ್ಚಳ ತೆಗೆದರೆ ಆಯಿತು. ತರಕಾರಿ ಬಿಸಿಯಾದಾಗ ಅದರೊಳಗಿನ ಹುಳಿ ಅಂಶ ಹೊರಗೆ ಬರುತ್ತದೆ. ಸ್ವಲ್ಪ ಹಬೆಯ ಜೊತೆ ಹಾರಿಹೋಗುತ್ತದೆ. ಮುಚ್ಚಿಟ್ಟರೆ ಅದು ಮತ್ತೆ ಬಾಣಲೆಗೇ ಇಳಿಯುತ್ತದೆ. ಹುಳಿ ಮತ್ತು ಬಿಸಿ ಸೇರಿದಾಗ ಕ್ಲೋರೋಫಿಲ್ಲಿನಲ್ಲಿರುವ ಮೆಗ್ನೀಸಿಯಂ ಕಳಚಿಕೊಂಡು ಹಸಿರು ಮಾಸುತ್ತದೆ.

ಹುರುಳಿಕಾಯಿಯನ್ನು ಸಣ್ಣಗೆ ಹೆಚ್ಚಿ. ಒಗ್ಗರಣೆಗೆ ಹಾಕಿ, ಕಾಲು ಲೋಟ ಬಿಸಿ ನೀರು ಚಿಮುಕಿಸಿ, ಅಗಲವಾದ ಬಾಣಲೆಯಲ್ಲಿ ದೊಡ್ಡ ಉರಿಯಲ್ಲಿ ತೆರೆದೇ ಬೇಯಿಸಿ. ಏಳೆಂಟು ನಿಮಿಷ ಸಾಕು. ಒಂದಿಷ್ಟು ಕರುಕ್ ಅನ್ನುವಾಗಲೇ ಉರಿ ಆರಿಸಿ ತೆಂಗಿನ ತುರಿ ಬೆರೆಸಿ. ನಿಂಬೆರಸ ಬೇಕಿದ್ದರೆ ತಟ್ಟೆಗೆ ಬಡಿಸುವಾಗ. ಬಾಣಲೆಯಲ್ಲೇ ಹಿಂಡಿಟ್ಟರೆ ಊಟದ ಹೊತ್ತಿಗೆ ಮತ್ತೆ ಅದೇ ಮಿಲಿಟರಿ. ಕ್ಯಾಪ್ಸಿಕಂ, ಹಸಿ ಬಟಾಣಿಗೂ ಇದೇ ಕ್ರಮ.

ಪ್ರಶ್ನೆ: ಬೆಂಡೆಕಾಯಿ ಲೋಳೆ ಹೋಗುವುದೇ ಇಲ್ಲ. (ಶಿರಸಿ)

ತೊಳೆದು, ಒರೆಸಿ, ಪೂರ್ತಿ ಒಣಗಿದ ಮೇಲೆ ಹೆಚ್ಚಿ. ಬಾಣಲೆ ತುಂಬಾ ತುಂಬಬೇಡಿ, ಮುಚ್ಚಬೇಡಿ, ಪದೇ ಪದೇ ಕೈಯಾಡಿಸಬೇಡಿ. ಉಪ್ಪು ಕೊನೆಗೆ. ಇಲ್ಲಿ ಮಾತ್ರ ಹುಳಿ ಮೊದಲೇ ಬರಬಹುದು, ಏಕೆಂದರೆ ಅದು ಲೋಳೆಯನ್ನು ಮುರಿಯುತ್ತದೆ. ಎರಡು ಚಮಚ ಹುಳಿ ಮಜ್ಜಿಗೆ ಅಥವಾ ಹುಣಸೆ ರಸ ಸಾಕು.

ಪ್ರಶ್ನೆ: ಶಾವಿಗೆ ಪಾಯಸಕ್ಕೆ ಸಕ್ಕರೆ ಬದಲು ಬೆಲ್ಲ ಹಾಕಿದೆ. ಹಾಲು ಒಡೆದು ನೆಂಟರ ಮುಂದೆ ಮಾನ ಹೋಯಿತು. ಹಾಲು ಹೊಸದೇ. ಬೆಲ್ಲದ ತಪ್ಪಾ? (ಮಂಡ್ಯ)

ಮಂಡ್ಯದವರು ಬೆಲ್ಲದ ಮೇಲೆ ದೂರು ಹೇಳುವುದಾ! ತಪ್ಪು ಹೊತ್ತಿನದು. ಬೆಲ್ಲದಲ್ಲಿ ಸ್ವಲ್ಪ ಹುಳಿ ಅಂಶ ಇರುತ್ತದೆ. ಹಳೆಯ, ನೀರಾಡಿದ ಬೆಲ್ಲದಲ್ಲಿ ಇನ್ನೂ ಜಾಸ್ತಿ. ಕುದಿಯುವ ಹಾಲಿಗೆ ಅದು ಬಿದ್ದರೆ, ನಿಂಬೆರಸ ಹಿಂಡಿದಾಗ ಪನೀರ್ ಆಗುವಂತೆಯೇ ಹಾಲು ಒಡೆಯುತ್ತದೆ. ಬೇರೆ ಅಂಗಡಿಯ ಬೆಲ್ಲದಲ್ಲಿ ಯಾವಾಗಲಾದರೂ ಒಡೆಯದೇ ಇದ್ದರೆ ಅದು ಅದೃಷ್ಟ ಅಷ್ಟೆ.

ಹೀಗೆ ಮಾಡಿ. ಬೆಲ್ಲವನ್ನು ಕಾಲು ಲೋಟ ನೀರಲ್ಲಿ ಕರಗಿಸಿ, ಒಂದು ಕುದಿ ಬರಿಸಿ, ಸೋಸಿ ಆರಲು ಬಿಡಿ. ಸೋಸುವುದನ್ನು ಮರೆಯಬೇಡಿ, ಮರಳು, ಕಬ್ಬಿನ ಸಿಪ್ಪೆ ಸಿಗುತ್ತದೆ. ಅತ್ತ ಹುರಿದ ಶಾವಿಗೆಯನ್ನು ಹಾಲಿನಲ್ಲಿ ಬೇಯಿಸಿ ಇಳಿಸಿ. ಬೆರಳು ಅದ್ದಿದರೆ ಸುಡದಷ್ಟು ಆರಿದ ಮೇಲೆ ಬೆಲ್ಲದ ನೀರು ಬೆರೆಸಿ. ಮತ್ತೆ ಕುದಿಸಬೇಡಿ. ಬಿಸಿ ಪಾಯಸವೇ ಬೇಕೆಂದರೆ ಸಣ್ಣ ಉರಿಯಲ್ಲಿ ಬೆಚ್ಚಗೆ ಮಾಡಿ ಇಳಿಸಿಬಿಡಿ. ಒಡೆದ ಪಾಯಸ ಮತ್ತೆ ಮೊದಲಿನಂತಾಗದು. ಆದರೆ ತಿನ್ನಲು ಏನೂ ತೊಂದರೆಯಿಲ್ಲ, ಚೆಲ್ಲಬೇಡಿ.

ಬೆಲ್ಲದ ಪಾಯಸವೇ ಇಷ್ಟವಾದರೆ ಹಸುವಿನ ಹಾಲಿನ ಸಹವಾಸವೇ ಬೇಡ ಅನ್ನುತ್ತೇನೆ. ಕರಾವಳಿಯವರ ಹೆಸರುಬೇಳೆ ಪಾಯಸ ಮಾಡಿ. ಅರ್ಧ ಲೋಟ ಹೆಸರುಬೇಳೆಯನ್ನು ಘಮ್ಮೆನ್ನುವಂತೆ ಹುರಿದು, ತೊಳೆದು, ಮೆತ್ತಗೆ ಬೇಯಿಸಿ. ಪೂರ್ತಿ ಬೆಂದ ಮೇಲೆ ಮುಕ್ಕಾಲು ಲೋಟ ಬೆಲ್ಲ. ಮೊದಲೇ ಬೆಲ್ಲ ಹಾಕಿದರೆ ಬೇಳೆ ಬೇಯುವುದು ಅಲ್ಲಿಗೇ ನಿಲ್ಲುತ್ತದೆ. ಹೋಳಿಗೆ ಹೂರಣಕ್ಕೆ ಕಡಲೆಬೇಳೆ ಬೆಂದ ಮೇಲೆಯೇ ಬೆಲ್ಲ ಹಾಕುವುದೂ ಇದಕ್ಕೇ. ಬೆಲ್ಲ ಬೆರೆತ ಮೇಲೆ ತೆಂಗಿನಕಾಯಿಯ ಎರಡನೇ ಹಾಲು ಹಾಕಿ ಹತ್ತು ನಿಮಿಷ ಕುದಿಸಿ. ದಪ್ಪ ಮೊದಲನೇ ಹಾಲನ್ನು ಕೊನೆಗೆ ಹಾಕಿ, ಬಿಸಿಯಾದ ತಕ್ಷಣ ಇಳಿಸಿ. ತೆಂಗಿನ ಹಾಲು ಬೆಲ್ಲಕ್ಕೆ ಹೆದರುವುದಿಲ್ಲ. ಆದರೆ ದಪ್ಪ ಹಾಲು ಕೊತಕೊತ ಕುದಿದರೆ ಎಣ್ಣೆ ಬಿಡುತ್ತದೆ. ಏಲಕ್ಕಿ, ತುಪ್ಪದಲ್ಲಿ ಹುರಿದ ಗೋಡಂಬಿ ಹಾಕಿ.

ಪ್ರಶ್ನೆ: ಕೇಸರಿಬಾತ್‌ನಲ್ಲಿ ರವೆ ಹಸಿಹಸಿ ಉಳಿಯುತ್ತದೆ, ಹಲ್ಲಿಗೆ ಸಿಗುತ್ತದೆ. (ದಾವಣಗೆರೆ)

ಸಕ್ಕರೆ ಅವಸರದಲ್ಲಿ ಬಿದ್ದಿದೆ. ಸಕ್ಕರೆ ನೀರನ್ನು ತನ್ನ ಕಡೆ ಎಳೆದುಕೊಂಡರೆ ರವೆಗೆ ಅರಳಲು ನೀರು ಉಳಿಯುವುದಿಲ್ಲ. ಒಂದು ಲೋಟ ರವೆಯನ್ನು ತುಪ್ಪದಲ್ಲಿ ಹುರಿದು, ಎರಡೂವರೆ ಲೋಟ ಕುದಿಯುವ ನೀರು ಹಾಕಿ ಮುಚ್ಚಿ. ಒಂದು ಕಾಳು ಬಾಯಿಗೆ ಹಾಕಿ ನೋಡಿ, ಪೂರ್ತಿ ಮೆತ್ತಗಾಗಿರಬೇಕು. ಆಮೇಲೆ ಒಂದು ಲೋಟ ಸಕ್ಕರೆ. ಹಾಕಿದೊಡನೆ ನೀರಾಗುತ್ತದೆ, ಗಾಬರಿಯಾಗಬೇಡಿ, ಕೈಯಾಡಿಸುತ್ತಿದ್ದರೆ ಗಟ್ಟಿಯಾಗುತ್ತದೆ. ಅರ್ಧ ಲೋಟ ತುಪ್ಪಕ್ಕಿಂತ ಕಡಿಮೆ ಹಾಕಿ ಹೋಟೆಲಿನ ಚೌಚೌ ಬಾತ್ ರುಚಿ ಕೇಳಬೇಡಿ.

ಪ್ರಶ್ನೆ: ಇಲ್ಲಿ ಹಸಿ ತೆಂಗಿನಕಾಯಿ ಚೆನ್ನಾಗಿರುವುದಿಲ್ಲ. ಒಣ ತುರಿ ಹಾಕಿದ ಕೋಸಂಬರಿ, ಪಲ್ಯ ಹೊಟ್ಟು ತಿಂದ ಹಾಗಿರುತ್ತದೆ. (ಜರ್ಮನಿ)

ಭಾರತೀಯ ಅಂಗಡಿಗಳ ಫ್ರೀಜರಿನಲ್ಲಿ ತುರಿದ ತೆಂಗು ಸಿಕ್ಕರೆ ಅದೇ ಉತ್ತಮ. ಒಣ ತುರಿಯೇ ಗತಿ ಎಂದರೆ, ಬಿಸಿ ನೀರು ಚಿಮುಕಿಸಿ ಹದಿನೈದು ನಿಮಿಷ ಮುಚ್ಚಿಟ್ಟು ಬಳಸಿ. ಸಕ್ಕರೆ ಬೆರೆಸಿದ ತುರಿಯೂ ಇರುತ್ತದೆ, ಪೊಟ್ಟಣ ಓದಿ ಕೊಳ್ಳಿ. ಕೋಸಂಬರಿಗೆ ಉಪ್ಪನ್ನು ಬಡಿಸುವ ಮುಂಚೆ ಮಾತ್ರ ಹಾಕಿ, ಇಲ್ಲದಿದ್ದರೆ ಸೌತೆಕಾಯಿ ನೀರು ಬಿಟ್ಟು ಹೆಸರುಬೇಳೆ ತೇಲುತ್ತದೆ.

ಪ್ರಶ್ನೆ: ಒಲೆ ಹಚ್ಚದೆ ಮಕ್ಕಳೇ ಮಾಡಬಹುದಾದ ಸಿಹಿ ಹೇಳಿ. (ಉಡುಪಿ)

ಉಡುಪಿಯವರಿಗೆ ರಸಾಯನ ಹೇಳಿಕೊಡಬೇಕಾ? ಇರಲಿ, ಮಕ್ಕಳಿಗಾಗಿ ಹೇಳುತ್ತೇನೆ. ಚೆನ್ನಾಗಿ ಹಣ್ಣಾದ ನಾಲ್ಕು ಬಾಳೆಹಣ್ಣನ್ನು ಬಿಲ್ಲೆ ಮಾಡಿ. ಅರ್ಧ ಲೋಟ ತೆಂಗಿನ ಹಾಲು, ಮೂರು ಚಮಚ ಬೆಲ್ಲದ ಪುಡಿ, ಏಲಕ್ಕಿ, ಹುರಿದ ಎಳ್ಳು ಮನೆಯಲ್ಲಿದ್ದರೆ ಒಂದು ಚಮಚ. ಬೆಲ್ಲವನ್ನು ಮೊದಲು ತೆಂಗಿನ ಹಾಲಿನಲ್ಲಿ ಕರಗಿಸಿ, ಹಣ್ಣನ್ನು ಕೊನೆಗೆ ಹೆಚ್ಚಿ ಹಾಕಲಿ. ಹೆಚ್ಚಿಟ್ಟ ಹಣ್ಣು ಕಾಯುತ್ತಾ ಕೂತರೆ ಕಪ್ಪಾಗುತ್ತದೆ. ಮಾವಿನ ಕಾಲದಲ್ಲಿ ಬಾಳೆಯ ಬದಲು ಮಾವು, ಆಗ ಬೆಲ್ಲ ಅರ್ಧ ಸಾಕು. ಮಾಡಿದ ಒಂದು ಗಂಟೆಯೊಳಗೆ ಖಾಲಿಯಾಗಬೇಕು, ಮಕ್ಕಳಿರುವ ಮನೆಯಲ್ಲಿ ಅದೇನೂ ಕಷ್ಟವಲ್ಲ.