ಗುರು ಗ್ರಹ ಮಸುಕಾಗಿದೆ, ಕನ್ನಡಿ ಹಾಳಾಯಿತಾ?

ಪ್ರಶ್ನೆ: ನನ್ನದು 6 ಇಂಚಿನ ಎಫ್/8 (ಬಿಂಬ ಮೂಡುವ ದೂರ ಕನ್ನಡಿಯ ಅಗಲದ 8 ಪಟ್ಟು) ಡಾಬ್ಸೋನಿಯನ್, ಅಂದರೆ ಸರಳ ಪೀಠದ ಮೇಲೆ ಕೂರುವ ಕನ್ನಡಿ ಟೆಲಿಸ್ಕೋಪ್. ಮೊದಲು ಗುರುವಿನ ಪಟ್ಟೆಗಳು ಚೆನ್ನಾಗಿ ಕಾಣುತ್ತಿದ್ದವು. ಕಾರಿನ ಹಿಂದಿನ ಸೀಟಿನಲ್ಲಿ ಮಲಗಿಸಿಕೊಂಡು ಊರಿಗೆ ಹೋಗಿ ಬಂದ ಮೇಲೆ ಎಷ್ಟು ಫೋಕಸ್ ಮಾಡಿದರೂ ಮಸುಕು. ಕನ್ನಡಿ ಸರಿಹೊಂದಿಸುವ ಲೇಸರ್ ಕೊಳ್ಳಲೇಬೇಕಾ?
– ಓದುಗರು, ತುಮಕೂರು

ಉತ್ತರ: ಕನ್ನಡಿ ಹಾಳಾಗಿರಲಿಕ್ಕಿಲ್ಲ, ದಾರಿಯ ಕುಲುಕಾಟಕ್ಕೆ ಜರುಗಿದೆ. ಲೇಸರ್ ಈಗಲೇ ಬೇಡ. ಅಗ್ಗದ ಲೇಸರುಗಳು ಎಷ್ಟೋ ಸಲ ತಾವೇ ಓರೆಯಾಗಿರುತ್ತವೆ.

ಕಣ್ಣಿಟ್ಟು ನೋಡುವ ಮಸೂರ ಕೂರಿಸುವ ಕೊಳವೆಗೆ (ಫೋಕಸರ್) ಪ್ಲಾಸ್ಟಿಕ್ ಮುಚ್ಚಳ ಇದೆಯಲ್ಲ, ಅದರ ಸರಿಯಾಗಿ ನಡುವೆ 2 ಮಿ.ಮೀ. ತೂತು ಕೊರೆಯಿರಿ. ಹಗಲಲ್ಲೇ ಟ್ಯೂಬನ್ನು ಬೆಳಕಿರುವ ಗೋಡೆಯ ಕಡೆ ತಿರುಗಿಸಿ ಅಡ್ಡ ಮಲಗಿಸಿ. ನೆಟ್ಟಗೆ ನಿಲ್ಲಿಸಿಕೊಂಡು ಮಾತ್ರ ಈ ಕೆಲಸ ಮಾಡಬೇಡಿ, ಕೈಜಾರಿದ ಅಲೆನ್ ಕೀ (ಸ್ಕ್ರೂ ತಿರುಗಿಸುವ ಕೀಲಿ) ಸೀದಾ ತಳದ ದೊಡ್ಡ ಕನ್ನಡಿಯ ಮೇಲೆ ಬೀಳುತ್ತದೆ.

ಈಗ ತೂತಿಗೆ ಕಣ್ಣಿಡಿ. ಫೋಕಸರಿನ ಎದುರಿಗಿರುವ ಚಿಕ್ಕ ಕನ್ನಡಿಯೊಳಗೆ ದೊಡ್ಡದು ಪೂರ್ತಿ ಕಂಡು, ಅದನ್ನು ಹಿಡಿದಿರುವ ಮೂರೂ ಕ್ಲಿಪ್‌ಗಳು ಕಾಣಿಸಿದರೆ ಚಿಕ್ಕದರ ತಂಟೆಗೆ ಹೋಗಬೇಡಿ, ಸುಮ್ನೆ ಬಿಡಿ. ಯಾವುದಾದರೂ ಕ್ಲಿಪ್ ಮರೆಯಾಗಿದ್ದರೆ ಮಾತ್ರ ಚಿಕ್ಕ ಕನ್ನಡಿಯ ಹಿಂದಿನ ಮೂರು ಪುಟ್ಟ ಸ್ಕ್ರೂಗಳನ್ನು ಒಂಚೂರು ತಿರುಗಿಸಿ.

ಆಮೇಲೆ ದೊಡ್ಡ ಕನ್ನಡಿ. ಅದರ ನಡುವೆ ಅಂಟಿಸಿರುವ ಸಣ್ಣ ಉಂಗುರ ಕಾಣುತ್ತದೆ, ಪಕ್ಕದಲ್ಲೆಲ್ಲೋ ಒಂದು ಚುಕ್ಕೆಯೂ ಇರುತ್ತದೆ. ಅದು ನಿಮ್ಮ ಮುಚ್ಚಳದ ತೂತಿನ ಪ್ರತಿಬಿಂಬ. (ಉಂಗುರ ಚಿಕ್ಕ ಕನ್ನಡಿಯ ನೆರಳಲ್ಲಿರುವುದರಿಂದ ನೋಟಕ್ಕೆ ಅಡ್ಡಿಯಿಲ್ಲ, ಕೀಳಬೇಡಿ.) ಟ್ಯೂಬಿನ ತಳದ ಲಾಕ್ ಸ್ಕ್ರೂ ಸಡಿಲಿಸಿ, ಉಳಿದ ಮೂರನ್ನು ಕಾಲು ಸುತ್ತಿಗಿಂತ ಕಡಿಮೆ ತಿರುಗಿಸುತ್ತಾ ಚುಕ್ಕೆಯನ್ನು ಉಂಗುರದೊಳಗೆ ತನ್ನಿ. ಒಬ್ಬರು ತಿರುಗಿಸಿ ಇನ್ನೊಬ್ಬರು ನೋಡಿದರೆ ಬೇಗ ಆಗುತ್ತದೆ. ಲಾಕ್ ಬಿಗಿ ಮಾಡುವಾಗ ಚುಕ್ಕೆ ಮತ್ತೆ ಜರುಗುವುದುಂಟು, ಹಾಗಾಗಿ ಕೊನೆಗೊಮ್ಮೆ ನೋಡಿಕೊಳ್ಳಿ.

ರಾತ್ರಿ ಟೆಲಿಸ್ಕೋಪನ್ನು ಅರ್ಧ ಗಂಟೆ ಹೊರಗಿಟ್ಟು ತಣಿಯಲು ಬಿಡಿ. ಆಮೇಲೆ ಒಂದು ನಕ್ಷತ್ರವನ್ನು ನೋಟದ ನಡುವೆ ತಂದು ಜಾಸ್ತಿ ಪವರ್‌ನಲ್ಲಿ ಫೋಕಸ್ ತುಸು ತಪ್ಪಿಸಿ. ಬೆಳಕಿನ ಉಂಗುರಗಳು ಒಂದರೊಳಗೊಂದು ನೀಟಾಗಿ ಕೂತಿರಬೇಕು. ಒಂದು ಕಡೆಗೆ ಒತ್ತಿಕೊಂಡಿದ್ದರೆ ತಳದ ಸ್ಕ್ರೂ ಇನ್ನೊಂಚೂರು ತಿರುಗಿಸಿ, ನಕ್ಷತ್ರವನ್ನು ಮತ್ತೆ ನಡುವಿಗೆ ತಂದು ನೋಡಿ. ಧ್ರುವ ನಕ್ಷತ್ರ ಕದಲುವುದಿಲ್ಲ, ಅದನ್ನೇ ನೋಡಿ ಅಂತ ಹೊರದೇಶದವರು ಹೇಳುವುದುಂಟು. ತುಮಕೂರಿನಲ್ಲಿ ಅದು ದಿಗಂತದಿಂದ 13 ಡಿಗ್ರಿ ಮೇಲಷ್ಟೇ ಇರುತ್ತದೆ, ಅಷ್ಟು ಕೆಳಗೆ ಗಾಳಿಯ ಅಲುಗಾಟಕ್ಕೆ ಉಂಗುರಗಳು ನಿಲ್ಲುವುದೇ ಇಲ್ಲ. ನೆತ್ತಿಯ ಹತ್ತಿರದ್ದನ್ನೇ ಆರಿಸಿ.

ನಿಮ್ಮದು ಎಫ್/8 ಆಗಿರುವುದು ಒಳ್ಳೆಯದಾಯಿತು. ನೋಟದ ನಡುವೆ ಸುಮಾರು 11 ಮಿ.ಮೀ. ಅಗಲದ ಜಾಗದಲ್ಲಿ ನಕ್ಷತ್ರಗಳಿಗೆ ಬಾಲ ಬರುವುದಿಲ್ಲ. ಎಫ್/5 ಆಗಿದ್ದರೆ ಆ ಜಾಗ 3 ಮಿ.ಮೀ.ಗೂ ಕಡಿಮೆ, ಪ್ರತಿ ಸಲ ಹೊರಗೆ ತಂದಾಗಲೂ ಇಷ್ಟೆಲ್ಲ ನೋಡಬೇಕಿತ್ತು.