ಮಗನಿಗೆ ಚಿಕನ್‌ಪಾಕ್ಸ್ ಆಗಿದೆ ಎಂದು ಶಾಲೆಗೆ ಹೇಳಲೇಬೇಕೇ?

ಏಳನೆಯ ತರಗತಿಯ ಮಗನಿಗೆ ನಿನ್ನೆ ಗುಳ್ಳೆ ಎದ್ದಿದೆ, ಪರೀಕ್ಷೆ ಹತ್ತಿರವಿದೆ, ಶಾಲೆಗೆ ‘ಜ್ವರ’ ಎಂದಷ್ಟೇ ಹೇಳಿದರೆ ಸಾಲದೇ ಎಂದು ಕೇಳಿದ್ದೀರಿ. ಸಾಲದು. ನಾನೂ ಜ್ವರ ಎಂದೇ ಬರೆದು ಕಳುಹಿಸಿದವಳು.

ನಮ್ಮ ಮನೆ ಮಲ್ಪೆಯಲ್ಲಿ. ಮಗ ಆಗ ಆರನೆಯ ತರಗತಿ, ಉಡುಪಿಯ ಶಾಲೆಗೆ ಬಸ್ಸಿನಲ್ಲಿ ಹೋಗಿ ಬರುತ್ತಿದ್ದ. ಕಾಪುವಿನ ಸುಗ್ಗಿ ಮಾರಿಪೂಜೆ ಹತ್ತಿರ ಬಂದಿತ್ತು, ವಿಪರೀತ ಸೆಕೆ. ಒಂದು ಬುಧವಾರ ಬೆಳಗ್ಗೆ ಅವನು ಅಂಗಿ ಬದಲಾಯಿಸುವಾಗ ಎದೆಯ ಮೇಲೆ ನಾಲ್ಕೈದು ನೀರುಗುಳ್ಳೆ ಕಂಡವು. ಅತ್ತೆ ನೋಡಿದವರೇ ಕೈ ಮುಗಿದು, “ಅಮ್ಮ ಬಂದಿದ್ದಾಳೆ, ಊರಿಗೆಲ್ಲ ಹೇಳಿಕೊಂಡು ಬರಬೇಡ” ಎಂದರು. ಆ ಹೊತ್ತಿನಿಂದ ಮನೆಯಲ್ಲಿ ಒಗ್ಗರಣೆಯಿಲ್ಲ, ಮೀನಿಲ್ಲ. ಹಾಸಿಗೆಯ ಬಳಿ ಬೇವಿನ ಸೊಪ್ಪು, ಮಾರಿಗುಡಿಗೆ ಹರಕೆ. ಇದರಲ್ಲಿ ಯಾವುದಕ್ಕೂ ನನ್ನ ತಕರಾರಿಲ್ಲ. ಸಂಜೆ ಡಾಕ್ಟರರಿಗೂ ತೋರಿಸಿದೆ, ಅವರು ನೋಡಿದೊಡನೆ ಚಿಕನ್‌ಪಾಕ್ಸ್ ಎಂದರು.

ಆದರೆ ಬೆಳಗ್ಗೆಯೇ ಪಕ್ಕದ ಮನೆಯ ಹುಡುಗಿಯ ಕೈಯಲ್ಲಿ ರಜಾ ಅರ್ಜಿ ಕಳುಹಿಸಿಬಿಟ್ಟಿದ್ದೆ: ‘ಮಗನಿಗೆ ಜ್ವರ ಇರುವುದರಿಂದ ಒಂದು ವಾರ ರಜೆ ಕೊಡಬೇಕಾಗಿ ವಿನಂತಿ.’ ಡಾಕ್ಟರರು ಹೇಳಿದ ಮೇಲೆಯೂ ಅದನ್ನು ತಿದ್ದಲಿಲ್ಲ. ಯಾಕೆ ತಿದ್ದಲಿಲ್ಲ ಎಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ನೀವೂ ಅದೇ ಲೆಕ್ಕ ಹಾಕುತ್ತಿದ್ದೀರಿ. ಮಗನನ್ನು ಮನೆಯಲ್ಲೇ ಇರಿಸಿಕೊಂಡಿದ್ದೇನೆ, ಇನ್ನು ಅವನಿಂದ ಯಾರಿಗೆ ಹರಡೀತು ಎಂದುಕೊಂಡೆ. ಆದರೆ ಈ ರೋಗ ಗುಳ್ಳೆ ಏಳುವುದಕ್ಕೆ ಒಂದೆರಡು ದಿನ ಮೊದಲೇ ಹರಡಲು ತೊಡಗುತ್ತದೆ. ಸೋಮವಾರ, ಮಂಗಳವಾರ ಅವನು ತರಗತಿಯಲ್ಲಿದ್ದ. ಟಿಪ್ಪಣಿ ಪುಸ್ತಕ ಹಿಡಿದು ಟೀಚರ ಮೇಜಿನ ಪಕ್ಕ ನಿಂತಿದ್ದ. ಹರಡುವುದು ಆಗಲೇ ಹರಡಿತ್ತು, ನನ್ನ ಅರ್ಜಿ ತಡೆದದ್ದು ಸುದ್ದಿಯನ್ನು ಮಾತ್ರ. ಸೋಂಕು ತಗಲಿದ ಮೇಲೆ ಗುಳ್ಳೆ ಏಳಲು 10ರಿಂದ 21 ದಿನ ಬೇಕು. ಉಳಿದವರು ಎಚ್ಚೆತ್ತುಕೊಳ್ಳಲು ಇರುವ ಅವಕಾಶ ಅದರ ಮೊದಲ ಕೆಲವು ದಿನಗಳು, ಅವನ್ನೇ ನಾನು ಅವರಿಂದ ಕಸಿದುಕೊಂಡೆ. ರೋಗ ಬಾರದ, ಲಸಿಕೆಯನ್ನೂ ಹಾಕಿಸಿಕೊಳ್ಳದ ಮಕ್ಕಳಿಗೆ 3ರಿಂದ 5 ದಿನದೊಳಗೆ ಲಸಿಕೆ ಹಾಕಿಸಿದರೆ ರೋಗ ತಪ್ಪಬಹುದು, ಬಂದರೂ ಹಗುರಾಗಿ ಹೋಗಬಹುದು. ಅಷ್ಟು ಮನೆಗಳಲ್ಲಿ ಒಬ್ಬರಿಗೂ ಅದು ಗೊತ್ತಾಗಲಿಲ್ಲ.

ಅವನ ಕ್ಲಾಸ್ ಟೀಚರ್ ಏಳು ತಿಂಗಳ ಗರ್ಭಿಣಿ. ನನಗೆ ಗೊತ್ತಿತ್ತು! ಹಿಂದಿನ ವಾರವಷ್ಟೇ ಬಸ್ಸಿನಲ್ಲಿ ಅವರಿಗೆ ನಾನೇ ಸೀಟು ಬಿಟ್ಟುಕೊಟ್ಟಿದ್ದೆ. ಬಾಲ್ಯದಲ್ಲಿ ಅವರಿಗೆ ಚಿಕನ್‌ಪಾಕ್ಸ್ ಬಂದಿರಲಿಲ್ಲ. ಎರಡು ವಾರದ ಮೇಲೆ ಗುಳ್ಳೆ ಎದ್ದವು, ಮೂರನೆಯ ದಿನಕ್ಕೆ ಉಸಿರು ಕಟ್ಟತೊಡಗಿತು, ನ್ಯುಮೋನಿಯಾ ಎಂದರು. 11 ದಿನ ಆಸ್ಪತ್ರೆಯಲ್ಲಿದ್ದರು. ಗರ್ಭಿಣಿಯರಿಗೆ ಈ ಲಸಿಕೆ ಕೊಡುವಂತಿಲ್ಲ, ಆದರೆ ಸೋಂಕಿನ ಸಂಪರ್ಕವಾಗಿದೆ ಎಂದು ಬೇಗ ತಿಳಿದರೆ ರಕ್ತ ಪರೀಕ್ಷೆ ಮಾಡಿ 10 ದಿನದೊಳಗೆ ಇಮ್ಯುನೊಗ್ಲೋಬ್ಯುಲಿನ್ (ರೋಗದ ವಿರುದ್ಧ ಹೋರಾಡುವ ಸಿದ್ಧ ಪ್ರತಿಕಾಯಗಳು) ಚುಚ್ಚುಮದ್ದು ಕೊಡಬಹುದು ಎಂದು ನನಗೆ ಆಮೇಲೆ ತಿಳಿಯಿತು. ಅಂದರೆ ಆ ಬುಧವಾರ ನಿಜ ಬರೆದಿದ್ದರೆ ಅವರಿಗೆ ಎಂಟು ದಿನಗಳಿದ್ದವು.

ಮಗು ಹುಷಾರಾಗಿ ಹುಟ್ಟಿತು. ಅದಕ್ಕೂ ಮೊದಲು, ಅವರು ಮನೆಗೆ ಮರಳಿದಾಗ ಹೋಗಿ ಎಲ್ಲವನ್ನೂ ಹೇಳಿದೆ. “ಒಂದು ಮಾತು ಹೇಳಬಹುದಿತ್ತಲ್ಲ” ಎಂದರು. ಸ್ವಲ್ಪ ಹೊತ್ತು ಸುಮ್ಮನಿದ್ದು, ಅವನ ಮುಖದ ಕಲೆಗಳು ಮಾಸಿದವೇ ಎಂದು ಕೇಳಿದರು.

ಪರೀಕ್ಷೆ ತಪ್ಪೀತು, ಉಳಿದ ಮಕ್ಕಳು ಅವನನ್ನು ದೂರ ಇಟ್ಟಾರು ಎಂದು ಬರೆದಿದ್ದೀರಿ. ನನ್ನ ಮಗನಿಗೆ ಪರೀಕ್ಷೆಯನ್ನು ಬೇರೆ ದಿನ ಬರೆಸಿದರು, ಅದೊಂದು ದೊಡ್ಡ ವಿಷಯವೇ ಆಗಲಿಲ್ಲ. ಎಷ್ಟು ದಿನಕ್ಕೆ ಕಳುಹಿಸಬಹುದು ಎಂಬ ಪ್ರಶ್ನೆಗೆ ಕ್ಯಾಲೆಂಡರ್ ನೋಡಬೇಡಿ, ಮೈ ನೋಡಿ. ಹೊಸ ಗುಳ್ಳೆ ಏಳುವುದು ನಿಂತು, ಇದ್ದವೆಲ್ಲ ಒಣಗಿ ಹಕ್ಕಳೆ ಕಟ್ಟಿರಬೇಕು. ಸಾಮಾನ್ಯವಾಗಿ ಅದಕ್ಕೆ ವಾರ ಹಿಡಿಯುತ್ತದೆ. ಹಕ್ಕಳೆ ಉದುರುವವರೆಗೆ ಕಾಯಬೇಕಿಲ್ಲ. ಜ್ವರಕ್ಕೆ ಆಸ್ಪಿರಿನ್ ಕೊಡಲೇಬೇಡಿ, ಈ ರೋಗದಲ್ಲಿ ಅದು ಮಕ್ಕಳ ಮಿದುಳಿಗೂ ಯಕೃತ್ತಿಗೂ ಅಪಾಯ ತರಬಲ್ಲದು. ಉಗುರು ಕತ್ತರಿಸಿ. ಸಣ್ಣ ಮಗಳಿಗೆ ಎಲ್ಲ ಚುಚ್ಚುಮದ್ದು ಆಗಿದೆ ಎಂದಿದ್ದೀರಿ, ಆದರೆ ಸರ್ಕಾರದ ಉಚಿತ ಲಸಿಕೆಗಳ ಪಟ್ಟಿಯಲ್ಲಿ ಚಿಕನ್‌ಪಾಕ್ಸ್ ಇಲ್ಲ. ಅವಳ ಕಾರ್ಡ್ ಹಿಡಿದುಕೊಂಡು ನಾಳೆಯೇ ಮಕ್ಕಳ ಡಾಕ್ಟರರಲ್ಲಿ ಕೇಳಿ.

ಟೀಚರಿಗೆ ಫೋನ್ ಮಾಡುವುದನ್ನು ಮಾತ್ರ ನಾಳೆಗೆ ಇಡಬೇಡಿ. ಮನೆಯಲ್ಲಿ ಹಿರಿಯರು ಬೇಡವೆಂದರೆ ಹರಕೆಯನ್ನೂ ಹೇಳಿಕೊಳ್ಳಿ, ಫೋನನ್ನೂ ಮಾಡಿ. ರೋಗದ ಹೆಸರು, ಗುಳ್ಳೆ ಎದ್ದ ದಿನ, ಕೊನೆಯದಾಗಿ ಶಾಲೆಗೆ ಹೋದ ದಿನ, ಈ ಮೂರನ್ನೂ ಹೇಳಿ. ಗರ್ಭಿಣಿಯರಿಗೂ, ಕ್ಯಾನ್ಸರ್ ಚಿಕಿತ್ಸೆಯಲ್ಲೋ ಸ್ಟೀರಾಯ್ಡ್ ಔಷಧಿಯಲ್ಲೋ ಇರುವ ಮಕ್ಕಳ ಮನೆಗೂ ಇವತ್ತೇ ತಿಳಿಸಲು ಕೇಳಿಕೊಳ್ಳಿ. ಆಮೇಲೆ ಶಾಲಾ ವಾಹನದವರಿಗೆ, ಟ್ಯೂಷನ್ನಿಗೆ, ಅವನು ಸಂಜೆ ಯಕ್ಷಗಾನ ಕಲಿಯಲು ಹೋಗುತ್ತಿದ್ದರೆ ಆ ಗುರುಗಳಿಗೆ.